ಪೀಣ್ಯದಲ್ಲಿ ಮಾಡಿಸಿದ ಕಂಪ್ಯೂಟರ್ ಕ್ಯಾಬಿನೆಟ್: ಒಂದು ಶೀಟ್ ಮೆಟಲ್ ವರ್ಕ್‌ಶಾಪಿನ ಕೆಲಸದ ವಿಮರ್ಶೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿರುವ ಒಂದು ಸಣ್ಣ ಶೀಟ್ ಮೆಟಲ್ ವರ್ಕ್‌ಶಾಪಿನಲ್ಲಿ, ನಾನೇ ಅಳತೆ ಹಾಕಿದ ಕಂಪ್ಯೂಟರ್ ಕ್ಯಾಬಿನೆಟ್ ಮಾಡಿಸಿಕೊಂಡು ಬಂದು ಎರಡು ತಿಂಗಳಾಯಿತು. ದೊಡ್ಡ ಕಂಪನಿಗಳ ಎಲೆಕ್ಟ್ರಿಕಲ್ ಪ್ಯಾನೆಲ್ ಆರ್ಡರುಗಳ ನಡುವೆ ಬಿಡುವಾದಾಗ ಮಾತ್ರ ಒಂದೇ ಪೀಸಿನ ಕೆಲಸ ಹಿಡಿಯುವ ಮಾಲೀಕರು, ಹೆಸರು ಹಾಕಿದರೆ ಬರುವವರನ್ನು ಸಂಭಾಳಿಸಲಾಗದೆಂದು ಕೇಳಿಕೊಂಡಿದ್ದರಿಂದ ಅದನ್ನು ಇಲ್ಲಿ ಬರೆಯುತ್ತಿಲ್ಲ. ಆದರೂ ಪೀಣ್ಯದಲ್ಲಿ ಇಂಥ ವರ್ಕ್‌ಶಾಪುಗಳು ಬೀದಿಗೊಂದರಂತೆ ಇರುವುದರಿಂದ, ಯಾವ ಕೆಲಸವನ್ನು ಅವರ ಕೈಗೆ ಬಿಡಬೇಕು, ಯಾವುದನ್ನು ನಾವೇ ನಿಂತು ಪರೀಕ್ಷಿಸಿಕೊಳ್ಳಬೇಕು ಎಂಬುದು ಕ್ಯಾಬಿನೆಟ್ ಮಾಡಿಸಲು ಹೊರಟವರಿಗೆ ಉಪಯೋಗಕ್ಕೆ ಬರಬಹುದು. ನನ್ನ ಮಟ್ಟಿಗೆ ಕ್ಯಾಬಿನೆಟ್ ಎಂದರೆ ಮೊದಲು 230 ವೋಲ್ಟ್ ಒಳಗೆ ಬರುವ ಒಂದು ಉಪಕರಣದ ಮೈ, ಅಂದಚಂದವೆಲ್ಲ ಆಮೇಲೆ. ಈ ವರ್ಕ್‌ಶಾಪನ್ನೂ ನಾನು ಅದೇ ಅಳತೆಗೋಲಿನಿಂದ ನೋಡಿದ್ದೇನೆ.

ಅಂಗಡಿಯ ಕ್ಯಾಬಿನೆಟ್ ಏಕೆ ಸಾಲಲಿಲ್ಲವೆಂದರೆ, ನನ್ನ ತಂದೆಯವರ ತೇಗದ ಮೇಜಿನ ಕೆಳಗೆ 190 ಮಿಲಿಮೀಟರ್ ಎತ್ತರದ ಒಂದು ಗೂಡಿದೆ. ಕಂಪ್ಯೂಟರ್ ಅದರೊಳಗೆ ಅಡ್ಡಡ್ಡ ಮಲಗಬೇಕಿತ್ತು. ಎಸ್.ಪಿ. ರಸ್ತೆಯಲ್ಲಿ ಎರಡು ದಿನ ಅಂಗಡಿ ಅಂಗಡಿ ಸುತ್ತಿದರೂ ಆ ಎತ್ತರಕ್ಕೆ ಹೊಂದಿಕೊಂಡು, ಪೂರ್ಣ ಗಾತ್ರದ ಗ್ರಾಫಿಕ್ಸ್ ಕಾರ್ಡನ್ನೂ ಹಿಡಿಸುವ ಅಡ್ಡ ಕ್ಯಾಬಿನೆಟ್ ನನಗೆ ಸಿಗಲಿಲ್ಲ.

ಮೊದಲು ಮನೆಯಲ್ಲೇ ಮಾಡಲು ಕೈ ಹಾಕಿದೆ. ಒಂದು ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು), ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್ ಮತ್ತು ಕೈ ಡ್ರಿಲ್ ಮುಂದಿಟ್ಟುಕೊಂಡು ಯುಟಿಲಿಟಿಯಲ್ಲಿ ಕುಳಿತೆ. ಕಣ್ಣಿಗೆ ಕನ್ನಡಕ ಇತ್ತು, ಗ್ರೈಂಡರಿನ ಗಾರ್ಡ್ ಅದರ ಜಾಗದಲ್ಲೇ ಇತ್ತು, ಡಿಸ್ಕಿನ ಮೇಲೆ ಬರೆದಿದ್ದ ವೇಗ ಯಂತ್ರದ 11,000 ಆರ್‌ಪಿಎಂಗಿಂತ ಹೆಚ್ಚಿದೆ ಎಂದೂ ನೋಡಿಕೊಂಡಿದ್ದೆ. ಕತ್ತರಿಸುವಾಗ ಏನೂ ಆಗಲಿಲ್ಲ. ಆದದ್ದು ತೂತು ಹಾಕುವಾಗ: ತಗಡನ್ನು ಕ್ಲ್ಯಾಂಪ್ ಹಾಕಿ ಬಿಗಿಯದೆ ಎಡಗೈಯಲ್ಲಿ ಒತ್ತಿ ಹಿಡಿದಿದ್ದೆ. ಡ್ರಿಲ್ ಬಿಟ್ ತೂತಿನ ಆಚೆ ತುದಿಯಿಂದ ಹೊರಬರುವ ಕ್ಷಣದಲ್ಲಿ ತಗಡನ್ನು ಕಚ್ಚಿಕೊಂಡು ಗಿರ್ರೆಂದು ತಿರುಗಿಸಿತು. ಅಂಗೈಗೆ ನಾಲ್ಕು ಹೊಲಿಗೆ ಬಿದ್ದವು, ಟಿಟಿ ಇಂಜೆಕ್ಷನ್ ಆಯಿತು, ಎರಡು ವಾರ ಟೈಪ್ ಮಾಡಲಾಗಲಿಲ್ಲ. ತೆಳ್ಳನೆಯ ತಗಡಿಗೆ ತೂತು ಹಾಕುವಾಗ ಬಿಟ್ ಕೊನೆಯ ಅರ್ಧ ಮಿಲಿಮೀಟರಿನಲ್ಲಿಯೇ ಕಚ್ಚುತ್ತದೆ. ಆದ್ದರಿಂದ ತಗಡನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು ಕ್ಲ್ಯಾಂಪ್ ಬಿಗಿದೇ ಡ್ರಿಲ್ ಹಿಡಿಯಬೇಕು. ನನಗೆ ಇದು ಆಸ್ಪತ್ರೆಯಿಂದ ಬಂದ ಮೇಲೆ ತಿಳಿಯಿತು.

ಗಾಯ ಒಣಗಿದ ಮೇಲೆ ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಆಟೋ ಹಿಡಿದು ಈ ವರ್ಕ್‌ಶಾಪಿಗೆ ಹೋದೆ. ಬಾಗಿಲಲ್ಲೇ ತಡೆದರು. "ಸಾರ್, ಚಪ್ಪಲಿಯಲ್ಲಿ ಒಳಗೆ ಬರಬೇಡಿ, ನೆಲದ ಮೇಲೆ ಚೂರುಗಳಿರುತ್ತವೆ" ಎಂದು ಹುಡುಗನೊಬ್ಬ ಗೋಡೆಯ ಪಕ್ಕದಲ್ಲಿದ್ದ ಒಂದು ಜೊತೆ ಬೂಟು ಮತ್ತು ಕನ್ನಡಕ ಕೊಟ್ಟ. ಗಿರಾಕಿಗೂ ಬೂಟು ಹಾಕಿಸುವ ಜಾಗದಲ್ಲಿ ಕೆಲಸಗಾರರ ಕೈಕಾಲಿನ ಬಗ್ಗೆಯೂ ಕಾಳಜಿ ಇರುತ್ತದೆ ಎಂದು ನನಗೆ ಆಗಲೇ ಅನಿಸಿತ್ತು, ಒಳಗೆ ಹೋಗಿ ನೋಡಿದಾಗ ಹಾಗೆಯೇ ಇತ್ತು. ಮಾಲೀಕರು ಬೆಲೆಯ ಮಾತಿಗೆ ಮೊದಲು ಕೇಳಿದ್ದು ಮೂರು ಪ್ರಶ್ನೆ: ಒಳಗೆ ಏನೇನು ಕೂರುತ್ತದೆ, ಕರೆಂಟ್ ಎಲ್ಲಿಂದ ಒಳಗೆ ಬರುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ? ಮೂರನೆಯದರ ಕಾರಣ ನನಗೆ ತಕ್ಷಣ ಹೊಳೆಯಲಿಲ್ಲ. ಫ್ಯಾನಿನ ಮುಂದಿನ ಜಾಲಿಯ ತೂತು ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸಲು ಕೇಳಿದ್ದರು. ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಆದ್ದರಿಂದ 5 ಮಿಲಿಮೀಟರಿನ ಷಟ್ಕೋನ ತೂತುಗಳಿಗೆ ಇಬ್ಬರೂ ಒಪ್ಪಿದೆವು. ಗಾಜಿನ ಬದಿಯನ್ನು ನಾನೇ ಬೇಡವೆಂದೆ. ಟಫನ್ಡ್ ಗಾಜನ್ನು ಹದ ಮಾಡಿದ ಮೇಲೆ ಕತ್ತರಿಸುವಂತಿಲ್ಲ, ತೂತು ಹಾಕುವಂತಿಲ್ಲ. ಅಂಚು ವಿಟ್ರಿಫೈಡ್ ಟೈಲ್ಸ್ ನೆಲಕ್ಕೆ ತಾಗಿದರೆ ಇಡೀ ಹಾಳೆ ಒಂದೇ ಏಟಿಗೆ ಹರಳಾಗಿ ಉದುರುತ್ತದೆ.

ಅಳತೆಯ ಕೆಲಸವೇ ಇಡೀ ಯೋಜನೆಯಲ್ಲಿ ಹೆಚ್ಚು ಸಮಯ ತೆಗೆದುಕೊಂಡಿತು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾನಕದಿಂದಾಗಿ ಮದರ್‌ಬೋರ್ಡಿನ ತೂತುಗಳು, ಹಿಂಬದಿಯ ಕಿಂಡಿ, ಕಾರ್ಡುಗಳ ಜಾಗ ಎಲ್ಲವೂ ಯಾವ ಕಂಪನಿಯ ಬೋರ್ಡಿಗೂ ಒಂದೇ ಕಡೆ ಇರುತ್ತವೆ ಎಂಬುದು ನಮ್ಮಂಥವರಿಗೆ ದೊಡ್ಡ ಅನುಕೂಲ. ನನ್ನ ಮೈಕ್ರೋ ಎಟಿಎಕ್ಸ್ ಬೋರ್ಡ್ 244 ಮಿಲಿಮೀಟರಿನ ಚೌಕ, ಕಾರ್ಡಿನಿಂದ ಕಾರ್ಡಿಗೆ ಅಂತರ 20.32 ಮಿಲಿಮೀಟರ್, ಹಿಂದಿನ ಕಿಂಡಿ 158.75ಕ್ಕೆ 44.45, 120 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ನಡುವೆ 105, ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿಯ) ಅಗಲ 150 ಮತ್ತು ಎತ್ತರ 86. ಈ ಸಂಖ್ಯೆಗಳನ್ನೆಲ್ಲ ಕೂರಿಸಿ ಡಿಎಕ್ಸ್‌ಎಫ್ ಫೈಲ್, ಅಂದರೆ ಕತ್ತರಿಸುವ ಯಂತ್ರ ಓದುವ ನಕ್ಷೆ, ಮಾಡಿಕೊಂಡು ಹೋಗಿದ್ದೆ. ಮೇಸ್ತ್ರಿಗಳು ಅದನ್ನು ನೋಡಿ, ತಗಡನ್ನು ಮಡಿಸಿದಾಗ ಅಳತೆ ಬದಲಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಅರ್ಧ ನಿಮಿಷದಲ್ಲಿ ಹಿಡಿದುಬಿಟ್ಟರು. 1.2 ಮಿಲಿಮೀಟರ್ ದಪ್ಪದ, ತಣ್ಣಗೆ ಲಟ್ಟಿಸಿದ ಉಕ್ಕಿನ ಸಿಆರ್‌ಸಿಎ ತಗಡಿನಲ್ಲಿ, ಅಂದರೆ ಅಂಗಡಿಯವರು ಹೇಳುವ 18 ಗೇಜಿನಲ್ಲಿ, ಹೊರ ಅಳತೆಗಳನ್ನು ಕೂಡಿಸಿದಾಗ ಪ್ರತಿ ಮಡಿಕೆಗೆ ಸುಮಾರು 2 ಮಿಲಿಮೀಟರ್ ಕಳೆಯಬೇಕು. ಎರಡು ಮಡಿಕೆಯ ತಳದಲ್ಲಿ ಅದನ್ನು ಮರೆತರೆ ಪೆಟ್ಟಿಗೆ 4 ಮಿಲಿಮೀಟರ್ ದೊಡ್ಡದಾಗಿ ಮುಚ್ಚಳವೇ ಕೂರುವುದಿಲ್ಲ. "ಮೊದಲು ರಟ್ಟಿನಲ್ಲಿ ಮಾಡಿ ತನ್ನಿ ಸಾರ್, ಸಾಮಾನು ಕೂರಿಸಿ ನೋಡಿ, ಆಮೇಲೆ ತಗಡು ಕತ್ತರಿಸೋಣ" ಎಂದು ವಾಪಸು ಕಳಿಸಿದರು. ಆರ್ಡರು ಕೈತಪ್ಪಿದರೂ ಪರವಾಗಿಲ್ಲ, ತಪ್ಪು ತಗಡು ಕತ್ತರಿಸಬಾರದು ಎಂಬ ಆ ಮಾತಿಗೆ ನಾನು ತಲೆಬಾಗುತ್ತೇನೆ. ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ನೋಡಿದಾಗ ಗ್ರಾಫಿಕ್ಸ್ ಕಾರ್ಡಿನ ಕರೆಂಟ್ ವೈರು ಬಾಗಲು ಜಾಗವಿಲ್ಲದೆ ಮುಚ್ಚಳಕ್ಕೆ ಒತ್ತಿಕೊಳ್ಳುತ್ತಿತ್ತು. ಆ ಕನೆಕ್ಟರಿನ ಮೇಲೆ ಸದಾ ಒತ್ತಡವಿದ್ದರೆ ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತದೆ. ಹೊರ ಎತ್ತರವನ್ನು 162ರಿಂದ 172ಕ್ಕೆ ಏರಿಸಿದೆ.

ಕಾರ್ಡನ್ನು ಮಲಗಿಸಿ ಎತ್ತರ ಉಳಿಸುವ ರೈಸರ್ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ಜೋಡಿಸುವ ಸಣ್ಣ ಬೋರ್ಡ್) ಬಗ್ಗೆಯೂ ಯೋಚಿಸಿದ್ದುಂಟು. 2021ರಲ್ಲಿ ಅಮೆರಿಕದಲ್ಲಿ ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಎಚ್1 ಕ್ಯಾಬಿನೆಟ್ಟುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇದೇ ರೈಸರ್ ಕಾರಣಕ್ಕೆ: ರೈಸರ್ ಬೋರ್ಡನ್ನು ಲೋಹದ ಮೈಗೆ ಬಿಗಿಯುವ ಸ್ಕ್ರೂಗಳು ಬೋರ್ಡಿನೊಳಗೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿತ್ತು. ವೃತ್ತಿಪರ ಎಂಜಿನಿಯರುಗಳಿರುವ ಕಂಪನಿಯಲ್ಲೇ ಒಂದು ಸ್ಕ್ರೂವಿನಿಂದ ಇಷ್ಟಾಗುವುದಾದರೆ, ಮೊದಲ ಬಾರಿ ಪೆಟ್ಟಿಗೆ ಮಾಡುವ ನಾನು ಆ ದಾರಿ ಹಿಡಿಯಬಾರದೆಂದು ಕೈಬಿಟ್ಟೆ.

ಈಗ ಕೆಲಸದ ಗುಣಮಟ್ಟಕ್ಕೆ ಬರುತ್ತೇನೆ. ತಗಡನ್ನು ಫೈಬರ್ ಲೇಸರಿನಲ್ಲಿ ನೈಟ್ರೋಜನ್ ಬಿಟ್ಟು ಕತ್ತರಿಸಿದರು. ಆಮ್ಲಜನಕದಲ್ಲಿ ಕತ್ತರಿಸಿದರೆ ಅಂಚಿನಲ್ಲಿ ಆಕ್ಸೈಡಿನ ಕಪ್ಪು ಪದರ ಉಳಿದು, ಮುಂದೆ ಅಲ್ಲಿಂದಲೇ ಬಣ್ಣ ಎದ್ದು ಬರುತ್ತದೆ ಎಂದು ವಿವರಿಸಿದರು. ಯಂತ್ರದ ಬಾಗಿಲು ಮುಚ್ಚದೆ ಕಿರಣ ಹೊತ್ತಿಕೊಳ್ಳುವುದಿಲ್ಲ. ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಮಾತ್ರ ಕತ್ತರಿಸಿದ ನಂತರದ ಕೆಲಸವನ್ನು. ಅರವತ್ತು ದಾಟಿದ ಮೇಸ್ತ್ರಿಗಳು ಪ್ರತಿ ತುಂಡಿನ ಅಂಚನ್ನೂ ಅರದಿಂದ ಎರಡೂ ಕಡೆ ಉಜ್ಜಿ, ಆಮೇಲೆ ಕಾಟನ್ ವೇಸ್ಟಿನ ಒಂದು ಉಂಡೆಯನ್ನು ಅಂಚಿನುದ್ದಕ್ಕೂ ನಿಧಾನವಾಗಿ ಎಳೆದುಕೊಂಡು ಹೋದರು. ಹಿಂಬದಿಯ ಕಿಂಡಿಯ ಬಲ ಮೂಲೆಯಲ್ಲಿ ಹತ್ತಿಯ ಒಂದೇ ಒಂದು ಎಳೆ ಸಿಕ್ಕಿಕೊಂಡು ನಿಂತಿತು. ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಅವರು ಎಳೆಯನ್ನು ಅಲ್ಲಿಯೇ ಬಿಟ್ಟು, ಅದೇ ಗುರುತಿನ ಮೇಲೆ ಅರ ಇಟ್ಟು ನಾಲ್ಕು ಸಲ ಉಜ್ಜಿ, ಮತ್ತೆ ಹತ್ತಿ ಎಳೆದರು. ಈ ಬಾರಿ ಸಿಕ್ಕಿಕೊಳ್ಳಲಿಲ್ಲ. "ತಗಡಿನ ಅಂಚು ಅಂದರೆ ಬ್ಲೇಡೇ ಸಾರ್. ಕೈ ಇಟ್ಟು ನೋಡಬಾರದು, ಹತ್ತಿ ಇಟ್ಟು ನೋಡಬೇಕು" ಎಂದು ನನ್ನ ಅಂಗೈಯ ಗಾಯದ ಗೆರೆ ನೋಡಿ ಹೇಳಿದರು. ಮುಚ್ಚಳದ ಅಂಚುಗಳನ್ನು ಒಳಕ್ಕೆ ಪೂರ್ತಿ ಮಡಿಸಿ ಹೊಡೆದರು. ಹಾಗೆ ಮಡಿಸಿದ ಅಂಚು ಚರ್ಮ ಕೊಯ್ಯುವುದಿಲ್ಲ, ತಗಡಿಗೂ ಬಿಗಿ ಬರುತ್ತದೆ.

ಕೈಗವಸಿನ ವಿಷಯದಲ್ಲಿ ಅವರು ಪಾಲಿಸುತ್ತಿದ್ದ ಶಿಸ್ತು ನನ್ನ ತಿಳಿವಳಿಕೆಯನ್ನು ತಿದ್ದಿತು. ತಗಡು ಎತ್ತುವಾಗ, ಸಾಗಿಸುವಾಗ ದಪ್ಪ ಗವಸು ಇರಲೇಬೇಕು. ಆದರೆ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಲ್ಲುವ ಮುನ್ನ ಎಲ್ಲರೂ ಅದನ್ನು ತೆಗೆದಿಡುತ್ತಿದ್ದರು. ತಿರುಗುವ ಬಿಟ್ಟಿಗೆ ಗವಸಿನ ಒಂದು ಎಳೆ ಸಿಕ್ಕಿದರೂ ಅದು ಕೈಯನ್ನೇ ಸುತ್ತಿಕೊಳ್ಳುತ್ತದೆ. ತುಂಬು ತೋಳಿನ ಅಂಗಿಯ ಗುಂಡಿ ಬಿಚ್ಚಿಕೊಂಡು ನಿಂತಿದ್ದ ಹುಡುಗನಿಗೂ ಅದೇ ಕಾರಣಕ್ಕೆ ಗದರಿದರು. ಉಳಿದಿದ್ದ ನನ್ನ ಜಿಐ ಶೀಟಿನಿಂದ ಒಂದು ಬ್ರಾಕೆಟ್ ವೆಲ್ಡಿಂಗ್ ಮಾಡಿಕೊಡಿ ಎಂದದ್ದಕ್ಕೆ ಒಪ್ಪಲಿಲ್ಲ: ಸತುವಿನ ಲೇಪ ಕಾದು ಏಳುವ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಅದರ ಬದಲು ರಿವೆಟ್ ಹೊಡೆದುಕೊಟ್ಟರು.

ಮದರ್‌ಬೋರ್ಡನ್ನು ಎತ್ತಿ ಹಿಡಿಯುವ ಸ್ಟ್ಯಾಂಡಾಫುಗಳಿಗೆ 1.2 ಮಿಲಿಮೀಟರ್ ತಗಡಿನಲ್ಲೇ ನೇರವಾಗಿ ಟ್ಯಾಪ್ ಹೊಡೆದು ಸ್ಕ್ರೂವಿನ ಸುತ್ತು ಕೊರೆದರೆ ಎಂ3 ಸ್ಕ್ರೂವಿಗೆ ಎರಡೂವರೆ ಸುತ್ತಿನಷ್ಟೂ ಹಿಡಿತ ಸಿಗುವುದಿಲ್ಲ. ಆದ್ದರಿಂದ ತಗಡಿಗೆ ಒತ್ತಿ ಕೂರಿಸುವ ಪ್ರೆಸ್ ನಟ್‌ಗಳನ್ನು ಬಳಸಿದರು. ಅವೆಲ್ಲವೂ ನೆಟ್ಟಗೆ, ಒಂದೇ ಎತ್ತರದಲ್ಲಿ ಕೂತಿದ್ದವು. ಬೋರ್ಡ್ ಇಟ್ಟಾಗ ಒಂದು ಕೂದಲಿನಷ್ಟೂ ಬಾಗಲಿಲ್ಲ. ಇಲ್ಲಿ ಬಳಸುವವರ ಜವಾಬ್ದಾರಿ ಒಂದಿದೆ: ಬೋರ್ಡಿನಲ್ಲಿ ಎಷ್ಟು ತೂತಿದೆಯೋ ಅಷ್ಟೇ ಸ್ಟ್ಯಾಂಡಾಫ್ ಇರಬೇಕು. ತೂತಿಲ್ಲದ ಕಡೆ ಒಂದು ಹೆಚ್ಚಿಗೆ ಉಳಿದರೂ ಅದು ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಾಗಿ ಶಾರ್ಟ್ ಮಾಡುತ್ತದೆ. ನಾನು ಬೋರ್ಡಿನ ತೂತುಗಳನ್ನೂ ಸ್ಟ್ಯಾಂಡಾಫುಗಳನ್ನೂ ಮೂರು ಸಲ ಎಣಿಸಿದೆ.

ದೂರು ಹೇಳಬೇಕಾದದ್ದು ಪೌಡರ್ ಕೋಟಿಂಗ್ ಬಗ್ಗೆ, ಮತ್ತು ಅದು ಸಣ್ಣ ದೂರಲ್ಲ. ಈ ಕೆಲಸವನ್ನು ವರ್ಕ್‌ಶಾಪಿನವರು ಹತ್ತಿರದ ಬೇರೊಂದು ಘಟಕಕ್ಕೆ ಕೊಡುತ್ತಾರೆ. ಎಸ್‌ಎಂಪಿಎಸ್ ತಾಗುವ ಜಾಗ, ಸ್ಟ್ಯಾಂಡಾಫಿನ ತಲೆ, ಮುಚ್ಚಳ ತಳಕ್ಕೆ ಕೂರುವ ನಾಲ್ಕು ಬಿಂದುಗಳು, ಇವಿಷ್ಟಕ್ಕೆ ಬಣ್ಣ ಬೀಳಬಾರದೆಂದು ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೆ. ಬಂದ ಪೆಟ್ಟಿಗೆಯಲ್ಲಿ ಒಂದು ಕಡೆಯೂ ಮರೆ ಮಾಡಿರಲಿಲ್ಲ. ನೋಡಲು ಬಹಳ ಸೊಗಸಾಗಿತ್ತು. ಮಟ್ಟಸವಾದ ಮ್ಯಾಟ್ ಕಪ್ಪು, ಎಲ್ಲೂ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗಿಲ್ಲ. ಆದರೆ ಸುಮಾರು 180ರಿಂದ 200 ಡಿಗ್ರಿ ಶಾಖದಲ್ಲಿ ಕರಗಿ ಗಟ್ಟಿಯಾಗುವ ಆ ಪುಡಿ ಒಳ್ಳೆಯ ವಿದ್ಯುತ್ ನಿರೋಧಕ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಸ್‌ಎಂಪಿಎಸ್ ಸಾಕೆಟ್ಟಿನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಮುಚ್ಚಳದ ಸ್ಕ್ರೂವಿಗೂ ಇಟ್ಟೆ. ಬೀಪ್ ಶಬ್ದವೇ ಬರಲಿಲ್ಲ. ಅಂದರೆ ಮುಚ್ಚಳಕ್ಕೂ ಅರ್ಥಿಗೂ ಸಂಬಂಧವೇ ಇರಲಿಲ್ಲ. ಒಳಗೆ ಎಲ್ಲಾದರೂ ಒಂದು ಫೇಸ್ ವೈರು ಸುಲಿದು ಆ ಮುಚ್ಚಳಕ್ಕೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಬೀಳುವುದಿಲ್ಲ. ಮುಟ್ಟಿದವರ ಮೈಯ ಮೂಲಕವೇ ಕರೆಂಟ್ ದಾರಿ ಹುಡುಕುತ್ತದೆ. ಮೂರು ಪಿನ್ನಿನ ಪ್ಲಗ್ಗಿರುವ ಲೋಹದ ಉಪಕರಣದಲ್ಲಿ ಕೈಗೆ ಸಿಗುವ ಪ್ರತಿಯೊಂದು ಲೋಹದ ಭಾಗವೂ ಅರ್ಥಿಗೆ ಸೇರಿರಬೇಕು. ಬೇರೆ ಯಾವುದರಲ್ಲಿ ಹೊಂದಾಣಿಕೆ ಮಾಡಿಕೊಂಡರೂ ನಾನು ಇದರಲ್ಲಿ ಮಾಡಿಕೊಳ್ಳುವುದಿಲ್ಲ.

ಮರುದಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಮೀಟರ್ ಇಟ್ಟು ತೋರಿಸಿದೆ. ಮಾಲೀಕರು ವಾದ ಮಾಡಲಿಲ್ಲ. ಗುರುತು ಮಾಡಿದ ಜಾಗಗಳಲ್ಲೆಲ್ಲ ಬಣ್ಣ ಕೆರೆಸಿ ಬರಿ ಲೋಹ ಕಾಣಿಸಿದರು, ಹಲ್ಲಿರುವ ಸ್ಟಾರ್ ವಾಷರುಗಳನ್ನು ಹಾಕಿದರು. ಅಷ್ಟಕ್ಕೇ ನಿಲ್ಲದೆ ತಳಕ್ಕೂ ಮುಚ್ಚಳಕ್ಕೂ ಒಂದೊಂದು ಬೋಲ್ಟ್ ಕೂರಿಸಿ, ಎರಡನ್ನೂ ರಿಂಗ್ ಲಗ್ ಒತ್ತಿದ ಹಸಿರು-ಹಳದಿ ವೈರಿನಿಂದ ಜೋಡಿಸಿದರು. ಅವರು ಮಾಡುವ ಎಲೆಕ್ಟ್ರಿಕಲ್ ಪ್ಯಾನೆಲ್ಲುಗಳ ಬಾಗಿಲಿಗೆ ಇಂಥ ವೈರು ಇದ್ದೇ ಇರುತ್ತದೆ. ಕಂಪ್ಯೂಟರ್ ಪೆಟ್ಟಿಗೆಗೂ ಅದು ಬೇಕೆಂದು ಮೊದಲೇ ಹೊಳೆಯಬೇಕಿತ್ತು ಎಂದು ಮಾಲೀಕರೇ ಹೇಳಿದರು. ಈಗ ಎಲ್ಲಿ ಇಟ್ಟರೂ ಮೀಟರ್ ತನ್ನ ವೈರುಗಳ ರೋಧ ಕಳೆದರೆ ಸೊನ್ನೆಯನ್ನೇ ತೋರಿಸುತ್ತದೆ. ಇದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ. ಹಾಗಿದ್ದರೂ, ಮೀಟರ್ ಇಲ್ಲದ ಗಿರಾಕಿ ಇದೇ ಪೆಟ್ಟಿಗೆಯನ್ನು ಸಂತೋಷದಿಂದ ಮನೆಗೆ ಒಯ್ದಿರುತ್ತಿದ್ದ ಎಂಬ ಕಾರಣಕ್ಕೆ ನಾನು ಈ ತಪ್ಪನ್ನು ಹಗುರವಾಗಿ ಕಾಣಲಾರೆ.

ಕ್ಯಾಬಿನೆಟ್ಟಿನ ಅರ್ಥಿಂಗ್ ಎಷ್ಟೇ ಸರಿಯಿದ್ದರೂ ಗೋಡೆಯ ಸಾಕೆಟ್ಟಿನಲ್ಲಿ ಅದು ಇಲ್ಲದಿದ್ದರೆ ಫಲವಿಲ್ಲ. ನಾವು ಬಾಡಿಗೆಗಿರುವ ಹಳೆಯ ಮನೆಯಲ್ಲಿ ಆಗಿದ್ದೇ ಅದು. ಹಳೆಯ ಕಂಪ್ಯೂಟರನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿತ್ತು. ಬಹಳ ಮನೆಗಳಲ್ಲಿ ಇದನ್ನು ಸಹಜವೆಂದು ಬಿಟ್ಟುಬಿಡುತ್ತಾರೆ. ಎಸ್‌ಎಂಪಿಎಸ್ ಒಳಗೆ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಲೋಹದ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅನಗತ್ಯ ವಿದ್ಯುತ್ ತರಂಗಗಳನ್ನು ಅರ್ಥಿಗೆ ಹರಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲವೆಂದಾದರೆ ಲೋಹದ ಮೈ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ತೇಲುತ್ತಿರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಅಳೆದಾಗ ಸುಮಾರು 110 ವೋಲ್ಟ್ ತೋರಿಸಿತು. ಹರಿಯುವ ಕರೆಂಟ್ ಅತಿ ಕಡಿಮೆಯಾದ್ದರಿಂದ ಅದು ಬರಿ ಜುಮ್ಮೆನಿಸುತ್ತದೆ, ಆದರೆ ಮನೆಯಲ್ಲಿ ಅರ್ಥ್ ಇಲ್ಲವೆಂದು ಗಟ್ಟಿಯಾಗಿ ಹೇಳುತ್ತಿರುತ್ತದೆ. ಸಾಕೆಟ್ ಬಿಚ್ಚಿ ನೋಡಿದರೆ ಮೇಲಿನ ದೊಡ್ಡ ತೂತಿಗೆ ವೈರೇ ಇರಲಿಲ್ಲ. ಮನೆ ಮಾಲೀಕರನ್ನು ಒಪ್ಪಿಸಿ ಅರ್ಥ್ ವೈರು ಎಳೆಸಿ, ಕರೆಂಟ್ ಸೋರಿದರೆ ಕಡಿದುಬಿಡುವ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ ಹಾಕಿಸಿದ ಮೇಲೆಯೇ ಹೊಸ ಕ್ಯಾಬಿನೆಟ್ಟಿಗೆ ಪ್ಲಗ್ ಚುಚ್ಚಿದೆ.

ಜೋಡಿಸುವ ಮುನ್ನ ಖಾಲಿ ಪೆಟ್ಟಿಗೆಯನ್ನು ಪೂರ್ತಿ ತೊಳೆದು, ಒಂದು ದಿನ ಬಿಸಿಲಿಗಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೂಲೆಮೂಲೆಗೂ ಆಡಿಸಿದೆ. ಬಣ್ಣ ಕೆರೆದಾಗ ಉದುರಿದ ಕಬ್ಬಿಣದ ಪುಡಿ ಅರ್ಧ ಚಮಚದಷ್ಟು ಬಂತು. ಬೋರ್ಡಿನ ಬಿಡಿಭಾಗಗಳ ಕಾಲುಗಳ ನಡುವೆ ಶಾರ್ಟ್ ಆಗಲು ಇದರ ಒಂದು ಕಣ ಸಾಕು. ಬೋರ್ಡನ್ನು ಮೊದಲು ರಟ್ಟಿನ ಡಬ್ಬದ ಮೇಲಿಟ್ಟು ಹೊರಗೇ ಚಾಲೂ ಮಾಡಿ ನೋಡಿ, ಆಮೇಲೆ ಒಳಗೆ ಕೂರಿಸಿದೆ. ಜಾಗ ಉಳಿಸಲು ಎಸ್‌ಎಂಪಿಎಸ್‌ನ ಡಬ್ಬಿ ಬಿಚ್ಚಿ ಒಳಗಿನ ಬೋರ್ಡನ್ನಷ್ಟೇ ಕೂರಿಸಿ ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ 325ರಿಂದ 400 ವೋಲ್ಟ್‌ವರೆಗೆ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಲ್ಲದು.

ಖರ್ಚಿನ ವಿಷಯ ಹೇಳುವುದಾದರೆ, ತಗಡು ಮತ್ತು ಲೇಸರಿಗೆ 2,900, ಮಡಿಸುವಿಕೆ, ಪ್ರೆಸ್ ನಟ್ ಮತ್ತು ಫಿಟ್ಟಿಂಗಿಗೆ 1,400, ಪೌಡರ್ ಕೋಟಿಂಗಿಗೆ 900, ಒಟ್ಟು 5,200 ರೂಪಾಯಿ ಮತ್ತು ಅದರ ಮೇಲೆ ತೆರಿಗೆ. ಅಂಗಡಿಯ ಸಾಧಾರಣ ಕ್ಯಾಬಿನೆಟ್ಟಿಗಿಂತ ದುಬಾರಿ, ನಿಜ. 420ಕ್ಕೆ 380ರ ಈ ಪೆಟ್ಟಿಗೆ ಖಾಲಿ ಇದ್ದಾಗಲೇ 5 ಕೆಜಿ ದಾಟುತ್ತದೆ, ಮೂಲೆ ಹಿಡಿದು ಎತ್ತಿದರೂ ನುಲಿಯುವುದಿಲ್ಲ. ಆರು ದಿನಕ್ಕೆ ಕೊಡುತ್ತೇವೆಂದವರು ಹನ್ನೊಂದು ದಿನ ತೆಗೆದುಕೊಂಡರು. ಫೋನ್ ಮಾಡಿದಾಗಲೆಲ್ಲ "ನಾಳೆ ಸಾರ್" ಎಂಬ ಉತ್ತರವೇ ಬರುತ್ತಿತ್ತು. ಕೈಯಲ್ಲಿ ಬರೆದ ನಕ್ಷೆ ಅವರಿಗೆ ನಡೆಯುವುದಿಲ್ಲ, ಡಿಎಕ್ಸ್‌ಎಫ್ ಬೇಕೇ ಬೇಕು. ಹೋಗುವವರು ರಟ್ಟಿನ ಮಾದರಿ, ಬೋರ್ಡ್ ಹಾಗೂ ಎಸ್‌ಎಂಪಿಎಸ್ ಮೂರನ್ನೂ ಜೊತೆಗೇ ಒಯ್ಯಬೇಕು. ಬಣ್ಣ ಬೀಳಬಾರದ ಜಾಗಗಳಿಗೆ ಶಾಖ ತಡೆಯುವ ಟೇಪನ್ನು ಎದುರಲ್ಲೇ ನಿಂತು ಅಂಟಿಸಿಕೊಳ್ಳಬೇಕು. ಪೆಟ್ಟಿಗೆ ಕೈಗೆ ಬಂದ ಕೂಡಲೇ ಅಲ್ಲಿಯೇ ಮೀಟರ್ ಇಟ್ಟು ನೋಡಿ, ಆಮೇಲೆ ಬಾಕಿ ಹಣ ಕೊಡಬೇಕು. ಅಂಚಿನ ಕೆಲಸಕ್ಕೆ ಮತ್ತು ತಪ್ಪನ್ನು ಒಪ್ಪಿ ಸರಿಪಡಿಸಿದ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ, ಬಣ್ಣದ ಉಸ್ತುವಾರಿಗೆ ಅರ್ಧಕ್ಕಿಂತ ಕಡಿಮೆ.

ಗೂಡಿನಲ್ಲಿ ಕ್ಯಾಬಿನೆಟ್ ಸರಿಯಾಗಿ ಕೂತಿದೆ, ಮೇಲೆ 18 ಮಿಲಿಮೀಟರ್ ಗಾಳಿಯಾಡುವ ಜಾಗವೂ ಇದೆ. ಮುಂದಿನ ಎರಡು ಫ್ಯಾನುಗಳು ಪೂರ್ತಿ ವೇಗಕ್ಕೆ ಹೋದಾಗ ಮಾತ್ರ ಮುಚ್ಚಳದ ನಡುಭಾಗ ಸಣ್ಣಗೆ ಅದುರುತ್ತದೆ. ಒಳಗಡೆ ಉದ್ದಕ್ಕೂ ಒಂದು ಪಟ್ಟಿ ರಿವೆಟ್ ಹೊಡೆದರೆ ನಿಲ್ಲುತ್ತದೆ ಎಂದು ಮೇಸ್ತ್ರಿಗಳು ಹೇಳಿದ್ದಾರೆ. ಮುಂದಿನ ವಾರ ಮುಚ್ಚಳವನ್ನು ಬಿಚ್ಚಿ ಪೀಣ್ಯಕ್ಕೆ ಒಯ್ಯುತ್ತಿದ್ದೇನೆ, ಮೀಟರನ್ನೂ ಜೊತೆಗಿಟ್ಟುಕೊಂಡು.